ಪಾಳಿ ಮೇಜು

ಅರ್ಜಿಯ ನಾಲ್ಕು ಮೂಲೆಗಳಿಗೂ ಅರಿಶಿನ ಹಚ್ಚಿತ್ತು. ಮೂರು ಮೂಲೆಗಳಲ್ಲಿ ಬೆರಳಿನ ಗೆರೆ ಕಾಣುವಷ್ಟು ತೆಳುವಾಗಿ. ನಾಲ್ಕನೆಯದರಲ್ಲಿ ನೀರು ಹೆಚ್ಚಾಗಿ, ಒಂದು ಹನಿ ಕೆಳಗೆ ಜಾರಿ ಅಲ್ಲೇ ಒಣಗಿತ್ತು. ಮದುವೆಯ ಕರೆಯೋಲೆಗೆ ಹಾಗೆ ಹಚ್ಚುತ್ತಾರೆ, ಗೃಹಪ್ರವೇಶದ ಕಾರ್ಡಿಗೆ ಹಚ್ಚುತ್ತಾರೆ. ಗ್ರಂಥಾಲಯಕ್ಕೆ ಕೊಟ್ಟ ಅರ್ಜಿಗೆ ಹಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೋದ ತಿಂಗಳು ಶಿವಮೊಗ್ಗದ ನಮ್ಮ ಕಚೇರಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಯಿತು. ನಕ್ಷೆಗಳನ್ನು ಸುತ್ತಿಡುವ ಕೊಳವೆಯೊಂದನ್ನು ಬಗ್ಗಿಸಿದಾಗ ಆ ಹಾಳೆ ಜಾರಿ ಬಿತ್ತು. ಅದರ ಹಿಂದೆಯೇ ಒಂದು ಈರುಳ್ಳಿ ಸಿಪ್ಪೆ, ಕೆಂಪಗೆ, ಇನ್ನೂ ಮುರಿಯದೆ. ಮೂಸಿ ನೋಡಿದೆ. ಅರಿಶಿನದ ವಾಸನೆ ಪೂರ್ತಿ ಹೋಗಿತ್ತು. ಸಿಪ್ಪೆಯದು ಉಳಿದಿತ್ತು, ಒಣ ಮಣ್ಣು ಮತ್ತು ಗೋಣಿಚೀಲ ಸೇರಿದಂಥ ಸಣ್ಣ ಘಾಟು. ಅಜ್ಜಂಪುರದ ಒಂದು ಈರುಳ್ಳಿ ಕಾಲ ನೆನಪಿಗೆ ಬರಲು ಅಷ್ಟು ಸಾಕಾಯಿತು.

ಆಗ ನಾನು ಆರ್ಕಿಟೆಕ್ಚರ್ ಓದಿ ಮುಗಿಸಿ ಮೂರು ವರ್ಷ. ಮನೆ ಕಡೂರು. ವಾರದಲ್ಲಿ ಎರಡು ದಿನ ತರೀಕೆರೆಯ ಮೇಲೆ ಹೋಗುವ ರೈಲಿನಲ್ಲಿ ಶಿವಮೊಗ್ಗದ ಕಚೇರಿಗೆ, ಉಳಿದ ದಿನ ಬೀರೂರಿನ ಮೇಲೆ ಅಜ್ಜಂಪುರಕ್ಕೆ. ಅಜ್ಜಂಪುರದಲ್ಲಿ ಊರಿನವರೇ ಒಂದು ಸಮಿತಿ ಮಾಡಿಕೊಂಡು ನಡೆಸುವ ವಾಚನಾಲಯವಿತ್ತು. ಎರಡು ಕೋಣೆ, ಹೆಂಚಿನ ಮಾಡು, ಹದಿನೆಂಟು ಅಡಿ ಉದ್ದದ ಹೊನ್ನೆ ಮರದ ಒಂದು ಮೇಜು, ಹಿಂದೆ ಒಂದು ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಹೊಸ ಸಾರ್ವಜನಿಕ ಗ್ರಂಥಾಲಯ ಕಟ್ಟಬೇಕು, ಅದರ ಜೊತೆಗೆ ಊರಿನವರು ಬಂದು ಕೂತು ತಮ್ಮ ತಮ್ಮ ಕೆಲಸ ಮಾಡಿಕೊಳ್ಳಲು ಒಂದು ಸಾಮಾನ್ಯ ಸ್ಥಳವೂ ಇರಬೇಕು ಎಂದು ಸಮಿತಿ ತೀರ್ಮಾನಿಸಿತ್ತು. ನಕ್ಷೆಯ ಕೆಲಸ ನಮ್ಮ ಕಚೇರಿಗೆ ಬಂತು. ‘ಇದನ್ನ ನೀನೊಬ್ಬಳೇ ನೋಡ್ಕೋ’ ಎಂದರು ನಮ್ಮ ಹಿರಿಯರು. ನಾನೊಬ್ಬಳೇ ನೋಡಿಕೊಂಡ ಮೊದಲ ಕಟ್ಟಡ ಅದು. ಊರಿನಲ್ಲಿ ಎಲ್ಲರೂ ನನ್ನನ್ನು ಇಂಜಿನಿಯರಮ್ಮ ಎನ್ನುತ್ತಿದ್ದರು. ಎರಡು ಸಲ ತಿದ್ದಿ ಆಮೇಲೆ ಬಿಟ್ಟೆ.

ಮೊದಲ ನಕ್ಷೆ ನನಗೆ ಬಹಳ ಹಿಡಿಸಿತ್ತು. ಕೆಳಗೆ ಪುಸ್ತಕ, ಓದುವ ಕೋಣೆ. ಮೇಲೆ ಗಾಜಿನ ಬಾಗಿಲಿನ ಹನ್ನೆರಡು ಕ್ಯಾಬಿನ್‌ಗಳು, ಪ್ರತಿಯೊಂದರಲ್ಲಿ ಒಂದು ಕುರ್ಚಿ, ಒಂದು ಪ್ಲಗ್ಗು. ಆ ಕುರ್ಚಿಗಳಲ್ಲಿ ಕೂತವರ ಮುಖ ನನಗೆ ಕಾಣುತ್ತಿರಲಿಲ್ಲ, ಅವರ ಲ್ಯಾಪ್‌ಟಾಪುಗಳು ಮಾತ್ರ ಕಾಣುತ್ತಿದ್ದವು. ಅದು ಕೊರತೆ ಎಂದು ಆಗ ತೋಚಲಿಲ್ಲ.

ಕೆಲಸ ಶುರುವಾಗುವ ಮೊದಲು ಜಾಗದಲ್ಲಿ ಒಂದು ಫ್ಲೆಕ್ಸ್ ಹಾಕಬೇಕಿತ್ತು. ಕೋ-ವರ್ಕಿಂಗ್ ಸ್ಪೇಸ್ ಎಂದು ಕನ್ನಡ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಎರಡು ದಿನ ಯೋಚಿಸಿ ಒಂದು ಪದ ಮಾಡಿದೆ: ‘ನೂತನ ಸಾರ್ವಜನಿಕ ಗ್ರಂಥಾಲಯ ಮತ್ತು ಹಂಚಿಕೆ ಕಾರ್ಯಸ್ಥಳ.’ ಕೆಳಗೆ ಇನ್ನೊಂದು ಸಾಲು: ‘ಸಾರ್ವಜನಿಕರು ತಮ್ಮ ಅಗತ್ಯವನ್ನು ಬರೆದು ಕೊಡಬಹುದು.’

ವಾಚನಾಲಯವನ್ನು ಇಪ್ಪತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ಸುಮಿತ್ರಾ. ಕರಡು ಓದಿ ಅವರು ಕನ್ನಡಕ ತೆಗೆದರು.

‘ಹಂಚಿಕೆ ಅಂತ ಬೇಡ ಮೇಡಂ. ಬೇರೆ ಏನಾದ್ರೂ ಹಾಕಿ.’

‘ಯಾಕೆ? ಪದ ಸರಿಯಾಗೇ ಇದೆಯಲ್ಲ.’

‘ಪದ ಸರಿಯಾಗೈತೆ. ಓದೋರು ನಾವು.’

ನಾನು ನಕ್ಕು, ಪದವನ್ನು ಹಾಗೆಯೇ ಬಿಟ್ಟೆ. ಫ್ಲೆಕ್ಸ್ ಅಂಗಡಿಯವರು ಉದ್ದ ಸಾಲು ಹಿಡಿಯದೆ ‘ಹಂಚಿಕೆ’ಯೊಂದನ್ನೇ ನಡುವಿನ ಸಾಲಿನಲ್ಲಿ, ದಪ್ಪ ಕೆಂಪು ಅಕ್ಷರದಲ್ಲಿ ಹಾಕಿದರು. ನೋಡಲು ಚೆನ್ನಾಗಿಯೇ ಇತ್ತು.

ಆ ವರ್ಷ ಈರುಳ್ಳಿ ಚೆನ್ನಾಗಿ ಬಂದಿತ್ತು. ಕಿತ್ತ ಈರುಳ್ಳಿಯನ್ನು ಒಣಗಲು ಎಲ್ಲೆಂದರಲ್ಲಿ ಹರವಿದ್ದರು, ವಾಚನಾಲಯದ ಹಿಂದಿನ ಖಾಲಿ ಜಾಗದಲ್ಲೂ. ಪಶ್ಚಿಮಕ್ಕೆ ಬಾಬಾಬುಡನ್ ಬೆಟ್ಟಸಾಲು ನೀಲಿಯಾಗಿ ಕಾಣುತ್ತಿತ್ತು. ಅಲ್ಲಿ ಮೋಡ ಕಪ್ಪಾದರೆ ಇಲ್ಲಿ ಬೀದಿಯ ಮಾತು ನಿಲ್ಲುತ್ತಿತ್ತು. ಹನಿ ಬಿದ್ದರೆ ಈರುಳ್ಳಿ ಕೊಳೆಯುತ್ತದೆ. ಬಹಳ ದಿನ ಮೋಡ ಬರೀ ಹೆದರಿಸಿ ಹೋಯಿತು, ಗಾಳಿ ಮಾತ್ರ ಬಿಡದೆ ಬೀಸಿತು. ಬೀದಿ ತುಂಬ ಕೆಂಪು ಸಿಪ್ಪೆ ಹಾರಾಡುತ್ತಿತ್ತು. ಕಿಟಕಿಯಿಂದ ಒಳಗೆ ಬಂದು ಮೇಜಿನ ಮೇಲೆ, ಪತ್ರಿಕೆಯ ಮಡಿಕೆಯಲ್ಲಿ, ನನ್ನ ಕೂದಲಲ್ಲಿ ಸೇರುತ್ತಿತ್ತು. ಸುಮಿತ್ರಾ ಅದನ್ನೇ ಪುಸ್ತಕಗಳಿಗೆ ಗುರುತಾಗಿ ಇಡುತ್ತಿದ್ದರು.

ಭಾನುವಾರ ಫ್ಲೆಕ್ಸ್ ಕಟ್ಟಿಸಿದೆವು. ಸೋಮವಾರ ವಾಚನಾಲಯಕ್ಕೆ ರಜೆ. ಮಂಗಳವಾರ ಬೆಳಿಗ್ಗೆ ನಾನು ಬಸ್ಸಿಳಿದು ಬಂದಾಗ ಬಾಗಿಲಿನಿಂದ ಎದುರಿನ ಝೆರಾಕ್ಸ್ ಅಂಗಡಿಯವರೆಗೆ ಸಾಲು ನಿಂತಿತ್ತು. ಎಲ್ಲರ ಕೈಯಲ್ಲೂ ಆಧಾರ್, ರೇಷನ್ ಕಾರ್ಡಿನ ಪ್ರತಿ. ಪತ್ರಿಕೆ ಓದಲು ಬರುವವರೇ ಇರಬೇಕು ಎಂದುಕೊಂಡು ಒಳಗೆ ನುಗ್ಗಲು ನೋಡಿದೆ.

‘ಏ ಸಾಲಲ್ಲಿ ಬಾರವ್ವ,’ ಎಂದಿತು ಒಂದು ಅಜ್ಜಿ. ‘ನಾವೇನು ಹಲ್ಲು ಕಿಸ್ಕಂಡು ನಿಂತಿದೀವಾ?’

‘ಅವ್ರೇ ಕಣಜ್ಜಿ ಹಂಚೋರು,’ ಎಂದರು ಹಿಂದಿನಿಂದ ಯಾರೋ.

ಸಾಲು ನನ್ನ ಕಡೆ ತಿರುಗಿತು. ರುಮಾಲು ಸುತ್ತಿದ ಮುದುಕರೊಬ್ಬರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: ‘ಇಂಜಿನಿಯರಮ್ಮಾ, ಮೂಲೆ ಸೈಟು ಯಾರ್ಗಾಯ್ತು?’

‘ಸೈಟಲ್ಲ ಅಜ್ಜ. ಎಲ್ಲರೂ ಬಂದು ಕೂತು ಕೆಲಸ ಮಾಡುವ ಜಾಗ ಅದು.’

‘ಕೂರಾಕೆ?’ ಅವರು ಸಾಲಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: ‘ಕೂರಾಕೆ ಕೊಡ್ತಾರಂತೆ ಕಣ್ರಪ್ಪೋ!’ ಮತ್ತೆ ನನ್ನ ಕಡೆ ನೋಡಿ, ‘ಕೂರಾಕೆ ಅರ್ಜಿ ಯಾಕವ್ವಾ? ಅರವತ್ತು ವರ್ಷದಿಂದ ಕೂತೇ ಇದೀನಲ್ಲ!’

ಎಲ್ಲರೂ ನಕ್ಕರು. ಆದರೂ ಯಾರೂ ಸಾಲು ಬಿಡಲಿಲ್ಲ. ಕೈಗೆ ಬಂದ ಅರ್ಜಿಗಳಲ್ಲಿ ಮೊದಲನೆಯದನ್ನು ಓದಿದಾಗ ನನಗೆ ಪೂರ್ತಿ ಅರ್ಥವಾಯಿತು: ‘ತಮ್ಮಿಂದ ಹಂಚಿಕೆಯಾಗುತ್ತಿರುವ ಜಾಗದಲ್ಲಿ ನನಗೂ ಹತ್ತು ಅಡಿ, ಖಾತೆ ಸಮೇತ ದಯಪಾಲಿಸಬೇಕಾಗಿ.’ ಈ ಸೀಮೆಯಲ್ಲಿ ಹಂಚಿಕೆ ಎಂದರೆ ಸೈಟು. ಸರ್ಕಾರದ ಕಾಗದದಲ್ಲಿ ಆ ಪದ ಇನ್ನಾವ ಅರ್ಥದಲ್ಲೂ ಅವರ ಕಣ್ಣಿಗೆ ಬಿದ್ದಿಲ್ಲ. ಕಡೂರಿನಲ್ಲಿ ಹುಟ್ಟಿ ಬೆಳೆದ ನನಗೂ ಇದು ಗೊತ್ತಿತ್ತು. ಪದ ಕಟ್ಟುವಾಗ ಮರೆತಿದ್ದೆ, ಅಷ್ಟೇ.

ಮಧ್ಯಾಹ್ನಕ್ಕೆ ಸಮಿತಿಯ ಅಧ್ಯಕ್ಷರು ಬಂದರು. ನಂಜುಂಡಪ್ಪ, ನಿವೃತ್ತ ಸ್ಟೇಷನ್ ಮಾಸ್ಟರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿದ ಗಡಿಯಾರ. ಹಿಂದಿನ ಖಾಲಿ ಜಾಗವನ್ನು ವಾಚನಾಲಯಕ್ಕೆ ಬರೆದುಕೊಟ್ಟವರು ಅವರ ಅಣ್ಣ. ಆ ಅಣ್ಣ ಈಗಿಲ್ಲ.

‘ಸಿಗ್ನಲ್ ತಪ್ಪು ಕೊಟ್ಬಿಟ್ರಲ್ಲಮ್ಮಾ,’ ಎಂದರು. ದನಿ ಏರಿಸಲಿಲ್ಲ. ‘ನಮ್ಮಣ್ಣನ ಪತ್ರದಲ್ಲಿ ಒಂದೇ ಮಾತು ಇರೋದು: ಓದೋರಿಗೆ. ಈಗ ಊರೆಲ್ಲಾ ನಂಜುಂಡಪ್ಪ ಅಣ್ಣನ ಜಾಗಾನ ಸೈಟ್ ಮಾಡಿ ಹಂಚ್ತಾವ್ನೆ ಅಂತದೆ. ಬೆಳಿಗ್ಗೆ ಹೋಟ್ಲಲ್ಲಿ ಕಾಫಿ ಕುಡಿಯಕ್ಕಾಗಲಿಲ್ಲ ನನಗೆ.’

‘ತಪ್ಪು ನನ್ನದು ಸರ್. ಪದ ನಾನೇ ಬರೆದದ್ದು.’

‘ಅದು ಗೊತ್ತು. ಶುಕ್ರವಾರ ಸಭೆ. ಅರ್ಜಿ ಎಲ್ಲಾ ವಾಪಸ್. ಆ ಕೆಲಸದ ಜಾಗನೂ ಬೇಡ ಏನೂ ಬೇಡ, ಬರೀ ಗ್ರಂಥಾಲಯ ಮಾಡಿ. ಆಗಲ್ಲ ಅಂದ್ರೆ ಅದನ್ನೂ ಹೇಳ್ಬಿಡಿ.’

ನನಗೆ ಮೂರು ದಿನ ಸಿಕ್ಕಿತು. ಕ್ಯಾಬಿನ್‌ಗಳು ಹೋದರೆ ಮೇಲಿನ ಅಂತಸ್ತು ಹೋಗುತ್ತದೆ, ಅಂತಸ್ತು ಹೋದರೆ ಸುಲಭವಾದ ಒಂದು ಚೌಕ ಕಟ್ಟಡ ಉಳಿಯುತ್ತದೆ. ಒಂದು ಮಧ್ಯಾಹ್ನದ ಕೆಲಸ. ಮಾಡಿ ಕೊಟ್ಟು ಬಿಡೋಣ ಅಂದುಕೊಂಡೇ ಅರ್ಜಿಗಳ ಕಟ್ಟನ್ನು ಹಿಂದಿರುಗಿಸಲು ಜೋಡಿಸತೊಡಗಿದೆ. ನಲವತ್ತಮೂರು ಇದ್ದವು. ಸುಮಿತ್ರಾ ನನ್ನ ಕೈ ತಡೆದರು.

‘ಓದದೇ ವಾಪಸ್ ಕೊಡ್ಬಾರ್ದು ಮೇಡಂ. ಬರೆದಿರ್ತಾರೆ.’

ಅಂದು ಅವರ ಮನೆಯಲ್ಲಿ ಊಟ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಂದು ಮರದ ಪೆಟ್ಟಿಗೆ. ಅವರ ತಂದೆ ಕಾಲನಿಯವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದರಂತೆ: ನಲ್ಲಿಗೆ, ದಾರಿಗೆ, ಶಾಲೆಗೆ, ಸ್ಮಶಾನಕ್ಕೆ. ಪೆಟ್ಟಿಗೆಯ ತುಂಬ ಅವುಗಳ ಕಾರ್ಬನ್ ಪ್ರತಿಗಳು. ‘ಅರ್ಜಿ ಓದೋದನ್ನ ನಮ್ಮಪ್ಪ ಹೇಳ್ಕೊಟ್ಟಿದ್ದು,’ ಎಂದರು ಸುಮಿತ್ರಾ. ‘ಮೇಲಿಂದ ಓದ್ಬಾರ್ದು. ಮೇಲೆಲ್ಲಾ ಕೈ ಮುಗಿಯೋದೇ ಇರ್ತದೆ. ಕೆಳಗೆ "ಆದಕಾರಣ" ಅಂತ ಇರ್ತದಲ್ಲ, ಅದರ ಹಿಂದಿನ ಸಾಲು ನೋಡಿ. ನಿಜ ಅಲ್ಲಿರ್ತದೆ.’

ನಾವಿಬ್ಬರೂ ಆದಕಾರಣದ ಹಿಂದಿನ ಸಾಲುಗಳನ್ನು ಓದುತ್ತ ಕೂತೆವು. ಸೀರೆಗೆ ಕುಚ್ಚು ಕಟ್ಟುವ ನಾಲ್ವರು ಹೆಂಗಸರು ಸೇರಿ ಒಂದೇ ಅರ್ಜಿ ಬರೆದಿದ್ದರು: ಮನೆಯಲ್ಲಿ ಬೆಳಕು ಸಾಲದು, ನಮ್ಮಲ್ಲಿ ಒಬ್ಬರಿಗೆ ಮಂಡಿನೋವು, ಮಹಡಿ ಬೇಡ. ಒಬ್ಬ ಪತ್ರ ಬರಹಗಾರರು: ತರೀಕೆರೆಯಲ್ಲಿ ಮೂವತ್ತು ವರ್ಷ ಪತ್ರ ಬರೆದೆ, ತಾಲ್ಲೂಕು ಕಚೇರಿ ಅಜ್ಜಂಪುರಕ್ಕೆ ಬಂತು, ನಾನು ಕೂರುತ್ತಿದ್ದ ಕಟ್ಟೆ ಬರಲಿಲ್ಲ. ಹುಲ್ಲುಗಾವಲಿನ ಕಾವಲುಗಳಲ್ಲಿ ತಿರುಗಿ ದನಗಳ ಕಿವಿಗೆ ನಂಬರು ಹಾಕುವವರೊಬ್ಬರು: ಸಂಜೆ ಒಂದು ಗಂಟೆ ಕೂತು ನಂಬರುಗಳನ್ನು ಫೋನಿಗೆ ಏರಿಸಬೇಕು, ಮನೆಯಲ್ಲಿ ಸಿಗ್ನಲ್ ಇಲ್ಲ. ಸುಮ್ಮನೆ ಸೈಟು ಕೇಳಿದವರೂ ಬೇಕಾದಷ್ಟು ಇದ್ದರು. ಆದರೆ ಕೆಲಸದ ಮಾತು ಬರೆದ ಒಬ್ಬರಿಗೂ ನನ್ನ ಹನ್ನೆರಡು ಕ್ಯಾಬಿನ್‌ಗಳಲ್ಲಿ ಒಂದೂ ಹೊಂದುತ್ತಿರಲಿಲ್ಲ. ನಾನು ಯಾರಿಗಾಗಿ ಬರೆದಿದ್ದೆನೋ ಅವರಿಂದ ಒಂದು ಅರ್ಜಿಯೂ ಇರಲಿಲ್ಲ.

ಅರಿಶಿನದ ಅರ್ಜಿ ಕಟ್ಟಿನ ನಡುವೆ ಸಿಕ್ಕಿತು. ‘ನಮ್ಮನೇಲಿ ಅರಿಶಿನ ಹಚ್ಚಲ್ಲ ಮೇಡಂ, ಅರ್ಜಿ ಮಾತ್ರ ಬರೀತೀವಿ,’ ಎಂದು ಸುಮಿತ್ರಾ ನಕ್ಕು ಅದನ್ನು ನನ್ನ ಮುಂದಿಟ್ಟರು. ಅಕ್ಷರಗಳು ನಕ್ಷೆಯ ಮೇಲಿನ ಅಕ್ಷರಗಳ ಹಾಗೆ, ನೆಟ್ಟಗೆ, ಒಂದೇ ಎತ್ತರಕ್ಕೆ ಇದ್ದವು. ಕೈಮುಗಿಯುವ ಸಾಲೇ ಇರಲಿಲ್ಲ. ‘ನನಗೆ ಮೇಜು ಬೇಕು. ಆರು ಅಡಿ ಉದ್ದ, ಮೂರು ಅಡಿ ಅಗಲ, ಕರೆಂಟು ಹೋಗಬಾರದು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಉಳಿದ ಹೊತ್ತಿನಲ್ಲಿ ಬೇರೆಯವರು ಬಳಸಬಹುದು. ಈ ತಿಂಗಳ ಒಳಗೆ ಆಗದಿದ್ದರೆ ನನ್ನ ಕೆಲಸ ಹೋಗುತ್ತದೆ. ಯಶೋದಾ, ಬುಕ್ಕಾಂಬುಧಿ.’

‘ಉಳಿದ ಹೊತ್ತಿನಲ್ಲಿ ಬೇರೆಯವರು’ ಎಂಬ ಸಾಲನ್ನು ನಾನು ಎರಡು ಸಲ ಓದಿದೆ. ನಲವತ್ತಮೂರರಲ್ಲಿ ನನ್ನ ಪದವನ್ನು ನಾನು ಅಂದುಕೊಂಡ ಹಾಗೆ ಓದಿದವರು ಅವರೊಬ್ಬರೇ.

ಮರುದಿನ ಬುಕ್ಕಾಂಬುಧಿಗೆ ಹೋದೆ. ಕೆರೆ ಸಮುದ್ರದ ಹಾಗೆ ಹರಡಿತ್ತು, ಏರಿಯ ಮೇಲೆ ಗಾಳಿಗೆ ಕೊಡೆ ನಿಲ್ಲಲಿಲ್ಲ. ಯಶೋದಾ ನನಗಿಂತ ಐದಾರು ವರ್ಷ ದೊಡ್ಡವರು. ಅವರ ಕೆಲಸ ಹಳೆಯ ಸರ್ವೆ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವುದು. ಒಂದು ಖಾಸಗಿ ಏಜೆನ್ಸಿ ಪ್ರತಿಗಳನ್ನು ಕಳಿಸುತ್ತದೆ. ಅದನ್ನು ಹರವಿ, ಮಾಸಿದ ಗಡಿಗಳನ್ನು ಅಳೆದು ಗುರುತಿಸಿ, ಮತ್ತೆ ಪರದೆಯ ಮೇಲೆ ಗೆರೆ ಎಳೆಯಬೇಕು. ಮನೆಯಲ್ಲಿ ಮೇಜಿಲ್ಲ. ನಡುಮನೆಯ ನೆಲವೇ ಮೇಜು. ಅರ್ಜಿಗೆ ಅರಿಶಿನ ಹಚ್ಚಿ ಕಳಿಸಿದ್ದ ಅವರ ಅತ್ತೆ ಹೊಸಿಲಿನಲ್ಲಿ ಕೂತು ನನಗೆ ದೂರು ಹೇಳಿದರು.

‘ನೋಡವ್ವಾ, ಇವ್ಳು ನೆಲದ ಮೇಲೆ ಊರು ಹಾಸ್ಕಂಡು ಕೂರ್ತಾಳೆ. ನಾನು ಅಡಿಗೆ ಮನೆಗೆ ಹೋಗಂಗಿಲ್ಲ, ನೀರು ಕುಡಿಯಂಗಿಲ್ಲ. ಮೊನ್ನೆ ಒಂದು ಕಾಲಿಟ್ಟಿದ್ದಕ್ಕೆ, ಅತ್ತೆ ಯಾರದೋ ತೋಟ ತುಳುದ್ರಿ ಅಂತಾಳೆ!’

‘ತುಳಿದಿದ್ರಲ್ಲ ಅತ್ತೆ. ಕಾಲಲ್ಲಿ ಸಗಣಿ ಬೇರೆ.’

‘ತೋಟಕ್ಕೆ ಗೊಬ್ಬರ ಆಯ್ತು ಬಿಡು!’

ನಾವು ಮೂವರೂ ನಕ್ಕೆವು. ಆಮೇಲೆ ಯಶೋದಾ ಆ ಹಾಳೆ ತೋರಿಸಿದರು, ಅಂಚಿನಲ್ಲಿ ಕಾಲಿನ ಹೆಬ್ಬೆರಳಿನ ಗುರುತು ಹಾಗೇ ಇತ್ತು. ಸರಿಯಾದ ಮೇಜು, ನಿಲ್ಲದ ಕರೆಂಟು ಇರುವ ಜಾಗ ತೋರಿಸದಿದ್ದರೆ ಮುಂದಿನ ತಿಂಗಳಿಂದ ಹಾಳೆ ಕಳಿಸುವುದಿಲ್ಲ ಎಂದು ಏಜೆನ್ಸಿಯವರು ಹೇಳಿದ್ದರು. ವಾರಕ್ಕೆರಡು ದಿನ ತರೀಕೆರೆಯ ಸೈಬರ್ ಅಂಗಡಿಯೊಂದರ ಹಿಂದಿನ ಕೋಣೆಗೆ ಹೋಗುತ್ತಿದ್ದರಂತೆ. ಈಗ ಅಲ್ಲಿ ಮೊಬೈಲ್ ರಿಪೇರಿ ಇಟ್ಟಿದ್ದಾರೆ. ‘ಮೂರು ವರ್ಷ ಮಾಡಿದೀನಿ. ಬೇರೆಯವರು ಮಾಡೋದಕ್ಕಿಂತ ಚೆನ್ನಾಗಿ ಮಾಡ್ತೀನಿ,’ ಎಂದರು. ಅದು ಜಂಬದ ಮಾತಾಗಿರಲಿಲ್ಲ. ಪರದೆಯ ಮೇಲಿನ ಗೆರೆಗಳನ್ನು ನಾನು ನೋಡಿದ್ದೆ. ಅಷ್ಟು ಶುದ್ಧವಾದ ಗೆರೆ ನಮ್ಮ ಕಚೇರಿಯಲ್ಲಿ ನಾನು ಮಾತ್ರ ಎಳೆಯುತ್ತೇನೆ ಅಂದುಕೊಂಡಿದ್ದೆ.

‘ಉಳಿದ ಹೊತ್ತು ಬೇರೆಯವರು ಬಳಸಬಹುದು ಅಂತ ಬರೆದಿದ್ದೀರಲ್ಲ,’ ಎಂದೆ. ‘ಮಿಕ್ಕವರೆಲ್ಲ ಸೈಟು ಕೇಳಿದ್ದಾರೆ.’

ಉತ್ತರ ಕೊಟ್ಟವರು ಅತ್ತೆ. ಅವರ ಗಂಡ ಆ ಕೆರೆಯ ನೀರುಗಂಟಿ; ಅಂದರೆ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತಿದ್ದವರು. ‘ನೀರ ಹಂಚಾಕಾಯ್ತದೇನವ್ವಾ?’ ಎಂದರು. ‘ಕೈಯಾಗೆ ನಿಲ್ತದಾ ಅದು? ಕೆರೆ ನೀರನ್ನ ಯಾರ್ಗೂ ಹಂಚಲ್ಲ. ಪಾಳಿ ಹಂಚ್ತಾರೆ. ನಿನ್ನ ಪಾಳಿ ಮುಗೀತಾ, ಕಾಲುವೆ ಮಡೆ ಕಟ್ಟು, ಎದ್ದೋಗು. ನಮ್ಮೆಜಮಾನ್ರು ಅವ್ರಪ್ಪಂಗೇ ಬಿಡ್ತಿರ್ಲಿಲ್ಲ ಒಂದು ಗಳಿಗೆ ಹೆಚ್ಗೆ.’

ವಾಪಸು ಬರುವ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಒಂದೇ ಪದ ಬರೆದುಕೊಂಡೆ.

ಗುರುವಾರ ಪೂರ್ತಿ ಕಡೂರಿನ ಮನೆಯಲ್ಲಿ ಕೂತು ನಕ್ಷೆ ಮತ್ತೆ ಬರೆದೆ. ಅಮ್ಮ ಏನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ರೂಢಿಯಿಲ್ಲ, ಕಾಫಿ ತಂದಿಡುವ ರೂಢಿಯಿದೆ. ಮಹಡಿ ತೆಗೆದೆ. ಹನ್ನೆರಡು ಕ್ಯಾಬಿನ್ ತೆಗೆದೆ. ಅವುಗಳ ಬದಲಿಗೆ ಉತ್ತರದ ಬೆಳಕು ಬೀಳುವ ಗೋಡೆಯುದ್ದಕ್ಕೂ ಒಂದೇ ಉದ್ದನೆಯ ಮೇಜು, ಮೂರು ಅಡಿ ಅಗಲ, ಆರು ಅಡಿಗೊಂದು ಗುರುತು. ಪುಸ್ತಕದ ಕೋಣೆಗೂ ಅದಕ್ಕೂ ನಡುವೆ ಗೋಡೆಯಿಲ್ಲ. ಎರಡೂ ಕಡೆಯಿಂದ ತೆಗೆಯಬಹುದಾದ ಪುಸ್ತಕದ ಕಪಾಟು, ಅದರ ಕೆಳಗಿನ ಸಾಲಿನಲ್ಲಿ ಬೀಗ ಹಾಕುವ ನಲವತ್ತು ಗೂಡುಗಳು. ಪ್ರತಿಯೊಬ್ಬರ ಸಾಮಾನಿಗೆ ಒಂದು ಗೂಡು ಸ್ವಂತ. ಮೇಜು ಯಾರಿಗೂ ಸ್ವಂತವಲ್ಲ. ಸೂಜಿದಾರ, ಪತ್ರದ ಕಾಗದ, ದನದ ಓಲೆಗಳ ಡಬ್ಬಿ ಗೂಡಿನಲ್ಲಿರುತ್ತವೆ, ಪಾಳಿ ಬಂದಾಗ ಮೇಜಿಗೆ ಬರುತ್ತವೆ. ಪತ್ರ ಬರಹಗಾರರ ಬಳಿ ಬರುವವರಿಗಾಗಿ ಬಾಗಿಲ ಹತ್ತಿರ ಒಂದು ಕಟ್ಟೆ. ಸಂಜೆ ಐದಕ್ಕೆ ಪೆನ್ಸಿಲ್ ಕೆಳಗಿಟ್ಟಾಗ ಇದು ಸರಿ ಎಂದು ನನಗೆ ಗೊತ್ತಿತ್ತು. ಕಟ್ಟಡ ಸರಿಯಾದಾಗ ಗೊತ್ತಾಗುತ್ತದೆ, ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಒಪ್ಪಿಸುವುದು ಬೇರೆ ಕೆಲಸ.

ಶುಕ್ರವಾರ ಮೂರು ಗಂಟೆಗೆ ಸಭೆ. ಉದ್ದ ಮೇಜಿನ ತಲೆಯಲ್ಲಿ ನಂಜುಂಡಪ್ಪ, ಅಕ್ಕಪಕ್ಕ ಸಮಿತಿಯ ನಾಲ್ವರು. ಗೋಡೆಗೊರಗಿ, ಕಿಟಕಿಯ ಹೊರಗೆ, ಅರ್ಜಿ ಕೊಟ್ಟ ಅರ್ಧ ಜನ. ಯಶೋದಾ ಕೈಯಲ್ಲಿ ಒಂದು ಸುರುಳಿ ಹಿಡಿದು ಬಾಗಿಲ ಬಳಿ ನಿಂತಿದ್ದರು. ನಾನು ಎದ್ದು ಇನ್ನೂ ಎರಡು ಮಾತು ಆಡಿರಲಿಲ್ಲ, ಹೆಂಚಿನ ಮೇಲೆ ಪಟಪಟ ಸದ್ದಾಯಿತು.

‘ಹನಿ!’ ಎಂದರು ಯಾರೋ.

ಸಭೆ ಅಲ್ಲಿಗೆ ಎದ್ದಿತು. ಅಧ್ಯಕ್ಷರನ್ನೂ ಸೇರಿಸಿ ಎಲ್ಲರೂ ಹಿಂದಿನ ಜಾಗಕ್ಕೆ ಓಡಿದೆವು. ಯಾರ ಈರುಳ್ಳಿ ಎಂದು ಯಾರೂ ಕೇಳಲಿಲ್ಲ. ತಟ್ಟೆ, ಬುಟ್ಟಿ, ಸೆರಗು, ಸುಮಿತ್ರಾ ಅವರ ಕಸದ ಮೊರ, ಕೈಗೆ ಸಿಕ್ಕಿದ್ದರಲ್ಲಿ ತುಂಬಿ ಒಳಗೆ ತಂದು ಸುರಿದೆವು. ಹತ್ತು ನಿಮಿಷದಲ್ಲಿ ಮಳೆ ನಿಂತೇ ಹೋಯಿತು. ವಾಚನಾಲಯದ ನೆಲದ ತುಂಬ ಈರುಳ್ಳಿ. ಕಾಲಿಡಲು ಜಾಗವಿಲ್ಲದೆ ಎಲ್ಲರೂ ಮೇಜಿನ ಸುತ್ತ ಒತ್ತಾಗಿ ನಿಂತೆವು, ಉರಿಯುವ ಕಣ್ಣು ಒರೆಸಿಕೊಳ್ಳುತ್ತ.

‘ಅಳಬೇಡಿ ಕಣ್ರಪ್ಪಾ, ಸೈಟು ಕೊಡ್ತಾರೆ,’ ಎಂದರು ರುಮಾಲಿನ ಅಜ್ಜ.

ಆ ನಗು ಮುಗಿಯುವ ಮೊದಲು ಯಶೋದಾ ಮುಂದೆ ಬಂದು ತಮ್ಮ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದರು. ಗಾಳಿಗೆ ಮುದುಡದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಈರುಳ್ಳಿ ಇಟ್ಟರು. ಅದು ಆ ವಾರ ಅವರಿಗೆ ಬಂದಿದ್ದ ಹಾಳೆ, ಅಜ್ಜಂಪುರದ ಸುತ್ತಿನದೇ ಹಳೆಯ ನಕ್ಷೆ. ಮೊದಲು ಒಬ್ಬರು ಬಗ್ಗಿದರು, ಆಮೇಲೆ ಎಲ್ಲರೂ.

‘ಲೇ, ಇದು ನಮ್ಮ ಹಳ್ಳ ಅಲ್ವೇನೋ?’

‘ನಿಮ್ಮ ಹಳ್ಳ ಎಲ್ಲೈತೋ, ಅದು ಗಾಡಿ ಜಾಡು.’

‘ಗಾಡಿ ಜಾಡಲ್ಲ,’ ಎಂದರು ಯಶೋದಾ. ‘ಇಲ್ಲಿ ಎರಡು ಗೆರೆ, ನಡುವೆ ಚುಕ್ಕಿ. ಹಳ್ಳನೇ. ಈಗ ಮುಚ್ಚೋಗಿದೆ.’ ಅವರು ಬೆರಳಿಡುತ್ತ ಹೋದರು: ಇದು ಬಾವಿ, ಇದು ಗೋಮಾಳ, ಈ ಗರಗಸದಂಥ ಗೆರೆ ಏರಿ, ಇದು ರೈಲು ಹಳಿ.

ರೈಲು ಹಳಿ ಎಂದಾಗ ನಂಜುಂಡಪ್ಪ ಕನ್ನಡಕ ಸರಿಮಾಡಿಕೊಂಡರು. ಅವರ ಬೆರಳು ಹಳಿಯ ಗುಂಟ ಸ್ಟೇಷನ್ನಿನವರೆಗೆ ಬಂತು, ಅಲ್ಲಿಂದ ಬೀದಿಗೆ ಇಳಿಯಿತು, ಒಂದು ಸಣ್ಣ ಚೌಕದ ಮೇಲೆ ನಿಂತಿತು.

‘ಇದು ನಮ್ಮಣ್ಣಂದು,’ ಎಂದರು. ‘ಈ ಜಾಗ.’

‘ಹೌದು ಸರ್. ಈಗ ನಾವು ನಿಂತಿರೋದು ಇಲ್ಲಿ.’

‘ಇದನ್ನೆಲ್ಲಾ ಓದಕ್ಕೆ ಬರ್ತದೇನಮ್ಮಾ ನಿನಗೆ?’

‘ಮೂರು ವರ್ಷದಿಂದ ಇದನ್ನೇ ಓದ್ತಿದೀನಿ ಸರ್. ಕೂರಕ್ಕೆ ಜಾಗ ಇಲ್ಲ, ಅಷ್ಟೇ.’

ಅವರು ಬೆರಳು ತೆಗೆಯಲಿಲ್ಲ. ನಾನು ಮಾತಾಡುವ ಹೊತ್ತು ಅದೇ ಎಂದು ತಿಳಿಯಿತು. ನನ್ನ ಹೊಸ ನಕ್ಷೆಯನ್ನು ಆ ಹಾಳೆಯ ಪಕ್ಕದಲ್ಲೇ ಹಾಸಿದೆ. ಮೂರು ಮಾತು ಹೇಳಿದೆ: ‘ಹಂಚಿಕೆ’ ಎಂಬ ಪದ ಬರೆದದ್ದು ತಪ್ಪು, ಜಾಗವನ್ನು ಯಾರಿಗೂ ಹಂಚುವುದಿಲ್ಲ, ಪಾಳಿ ಹಂಚುತ್ತೇವೆ. ಗೂಡುಗಳನ್ನು, ಮೇಜಿನ ಗುರುತುಗಳನ್ನು ತೋರಿಸಿದೆ.

ಸಮಿತಿಯವರೊಬ್ಬರು ತಲೆ ಅಲ್ಲಾಡಿಸಿದರು. ‘ಓದೋ ಜಾಗಕ್ಕೆ ಇವರೆಲ್ಲಾ ಬಂದು ಕೂತು ಹರಟೆ ಹೊಡುದ್ರೆ?’

‘ಈಗೇನ್ ಎಲ್ರೂ ಓದ್ತಾವ್ರಾ?’ ಎಂದರು ಸುಮಿತ್ರಾ. ‘ಅರ್ಧ ಜನ ಫ್ಯಾನಿನ ಕೆಳಗೆ ನಿದ್ದೆ ಮಾಡಾಕೇ ಬರೋದು. ನೀವೂ ಬರ್ತೀರಿ. ಅದಕ್ಕೆ ಪಾಳಿನೂ ಇಲ್ಲ.’

ನಂಜುಂಡಪ್ಪ ಮಾತ್ರ ನಗಲಿಲ್ಲ. ನನ್ನ ನಕ್ಷೆಯ ಉದ್ದ ಮೇಜನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ, ತಮಗೇ ಹೇಳಿಕೊಳ್ಳುವ ಹಾಗೆ ಹೇಳಿದರು: ‘ಸಿಂಗಲ್ ಲೈನು.’

‘ಸರ್?’

‘ನನ್ನ ಕಾಲದಲ್ಲಿ ಇಲ್ಲಿ ಒಂದೇ ಹಳಿ ಇತ್ತಮ್ಮಾ. ಹೋಗೋದೂ ಅದರ ಮೇಲೆ, ಬರೋದೂ ಅದರ ಮೇಲೆ. ಟೋಕನ್ ಕೈಲಿದ್ದ ಗಾಡಿ ಹೋಗ್ತದೆ, ಉಳಿದಿದ್ದು ಕಾಯ್ತದೆ. ಹಳಿ ಯಾವ ಗಾಡಿಗೂ ಸೇರಿದ್ದಲ್ಲ.’ ಅವರು ತಲೆ ಎತ್ತಿದರು. ‘ಇದನ್ನ ಮೊದಲೇ ಹೇಳಬಾರದಾಗಿತ್ತಾ? ಹಂಚಿಕೆ ಅಂತೆ ಹಂಚಿಕೆ.’

‘ಮೊದಲು ನನಗೂ ಗೊತ್ತಿರಲಿಲ್ಲ ಸರ್.’

ಅವರು ಒಂದು ಷರತ್ತು ಹಾಕಿದರು. ಕಟ್ಟಡ ಆಮೇಲೆ. ಮೊದಲು ಇದೇ ಹಳೆಯ ಮೇಜಿನ ಮೇಲೆ ತಿಂಗಳೊಪ್ಪತ್ತು ಪಾಳಿ ನಡೆಸಿ ತೋರಿಸಬೇಕು, ಒಂದು ಗಾಡಿಯೂ ಇನ್ನೊಂದಕ್ಕೆ ಡಿಕ್ಕಿ ಹೊಡೆಯಬಾರದು. ಕರೆಂಟು ಹೋದರೆ ಇರಲೆಂದು ಬ್ಯಾಟರಿ ಅವರ ಮನೆಯದು ಬರುತ್ತದೆ. ‘ಯಾವಾಗಿಂದ ಸರ್?’ ಎಂದರು ಯಶೋದಾ. ಅಧ್ಯಕ್ಷರು ಒಳಮಗ್ಗುಲಿನ ಗಡಿಯಾರ ತಿರುಗಿಸಿ ನೋಡಿ, ‘ನಾಳೆ ಹತ್ತಕ್ಕೆ,’ ಎಂದರು. ‘ತಡ ಮಾಡಿದ್ರೆ ಲೈನ್ ಕೊಡಲ್ಲ.’

ಕಟ್ಟಡ ಏಳಲು ಮತ್ತೆ ಒಂದೂವರೆ ವರ್ಷ ಹಿಡಿಯಿತು. ಅದರ ಜಗಳಗಳು ಎಲ್ಲ ಕಟ್ಟಡಗಳ ಜಗಳಗಳಂತೆಯೇ ಇದ್ದವು: ಮರಳು, ಕಬ್ಬಿಣ, ಕಂತ್ರಾಟುದಾರ. ಬಾಗಿಲ ಮೇಲೆ ಈಗ ‘ಗ್ರಂಥಾಲಯ ಮತ್ತು ಪಾಳಿ ಮೇಜು’ ಎಂದಿದೆ. ಆದರೆ ನನ್ನ ಮಟ್ಟಿಗೆ ಅದು ಎದ್ದದ್ದು ಆ ಶುಕ್ರವಾರದ ಮರುದಿನವೇ.

ಶನಿವಾರ ಬೆಳಿಗ್ಗೆ ಕಡೂರಿನಿಂದ ಮೊದಲ ಬಸ್ಸು ಹಿಡಿದು ಬಂದೆ. ಫ್ಲೆಕ್ಸಿನ ಹಗ್ಗ ಬಿಚ್ಚಿ ಅದನ್ನು ಹಿಂದಿನ ಜಾಗಕ್ಕೆ ಎಳೆದುಕೊಂಡು ಹೋಗಿ, ಮತ್ತೆ ಹರವಿದ್ದ ಈರುಳ್ಳಿಯ ಪಕ್ಕದಲ್ಲಿ ಮಡಿಸಿಟ್ಟೆ. ಹನಿ ಬಂದರೆ ಹೊದಿಸಲು ಆಗುತ್ತದೆ. ಸುಮಿತ್ರಾ ಬಾಗಿಲು ತೆಗೆದರು. ಸೀಮೆಸುಣ್ಣದಿಂದ ಮೇಜಿನ ಮೇಲೆ ಆರು ಅಡಿ ಅಳೆದು ಗೆರೆ ಹಾಕಿದೆ. ಹೊಸ ಪಾಳಿ ಪುಸ್ತಕದ ಮೊದಲ ಪುಟದಲ್ಲಿ ಎಂಟೂವರೆಯಿಂದ ಹತ್ತರವರೆಗೆ ನನ್ನ ಹೆಸರು ಬರೆದು, ಕೆಳಗಿನ ಸಾಲನ್ನು ಯಶೋದಾ ಅವರಿಗೆ ಬಿಟ್ಟು, ಆ ಗೆರೆಗಳ ನಡುವೆ ನನ್ನ ನಕ್ಷೆ ಹಾಸಿಕೊಂಡು ಕೆಲಸಕ್ಕೆ ಕೂತೆ. ಹತ್ತಕ್ಕೆ ಐದು ನಿಮಿಷವಿರುವಾಗ ಬುಕ್ಕಾಂಬುಧಿಯ ಬಸ್ಸಿನ ಹಾರನ್ ಕೇಳಿಸಿತು. ಕಿಟಕಿಯ ಗೆರೆಯೊಂದು ಅರ್ಧದಲ್ಲಿತ್ತು. ಅದನ್ನು ಅರ್ಧಕ್ಕೇ ಬಿಟ್ಟು, ಅರಿಶಿನದ ಅರ್ಜಿಯನ್ನೂ ಸೇರಿಸಿ ನಕ್ಷೆ ಸುತ್ತಿ ಕೊಳವೆಗೆ ಹಾಕಿ, ಮೇಜು ಒರೆಸಿ, ಎದ್ದೆ.